ಏಪ್ರಿಲ್ ಒಂದರ ಸೊನ್ನೆ

ಅಪ್ಪಾ,

ನೀವು ಇದನ್ನು ಓದುವುದಿಲ್ಲ ಎಂದು ಗೊತ್ತು. ಆದರೂ ಇವತ್ತು ನಡೆದದ್ದನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ಬೆಳಿಗ್ಗೆ ಕಚೇರಿಗೆ ಬಂದಾಗ ಟ್ಯಾಮರಾಕ್ ಕಣಿವೆಯ ಹಿಮಮಾಪಕ ಸೊನ್ನೆ ತೋರಿಸುತ್ತಿತ್ತು. ವರ್ಷದಲ್ಲೇ ಹಿಮ ಅತಿ ದಪ್ಪಗಿರಬೇಕಾದ ಏಪ್ರಿಲ್ ಒಂದಕ್ಕೆ ಸೊನ್ನೆ! ಯಂತ್ರ ಕೆಟ್ಟಿದೆ ಎಂದುಕೊಂಡು, ಜೊತೆಗೆ ಕೆಲಸ ಮಾಡುವ ವೇಡ್‌ನನ್ನು ಕರೆದುಕೊಂಡು ಬೆಟ್ಟ ಹತ್ತಿದೆ. ಹಿಮದ ಮೇಲೆ ಜಾರುವ ಸ್ಕೀಗಳನ್ನು ಕೊನೆಯವರೆಗೂ ಹೆಗಲ ಮೇಲೇ ಹೊತ್ತೆವು. ಪ್ರತಿವರ್ಷ ಇದೇ ದಿನ ನೀವು ಕೊಳವೆ ಚುಚ್ಚಿ ಎಂಟು ಅಡಿ ಹಿಮ ಅಳೆಯುತ್ತಿದ್ದ ಜಾಗದಲ್ಲಿ ಹಳದಿ ಹೂ ಅರಳಿತ್ತು. ಹಿಮದ ಭಾರ ತೂಗಲು ನೆಲಕ್ಕೆ ಹಾಸಿದ, ಯಂತ್ರದ ದಿಂಬು ಬಿಸಿಲಿಗೆ ಬೆಚ್ಚಗಾಗಿತ್ತು.

"ಯಂತ್ರ ಸರಿಯಾಗೇ ಇದೆ ಕಣೇ ರೋವೀನಾ," ಎಂದ ವೇಡ್. "ಹಿಮಾನೇ ಇಲ್ಲ."

ನಾನು ಆ ಒಣ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿದೆ.

ತೀರಿಕೊಳ್ಳುವ ಹಿಂದಿನ ವರ್ಷ ನೀವು ಅಳತೆಯ ಹಳೇ ಪುಸ್ತಕ ಹಿಡಿದು ಕಚೇರಿಗೆ ಬಂದಿದ್ದಿರಿ. "ಹಿಮ ಬೇಗ ಕರಗ್ತಿದೆ ಮಗಳೇ, ಒಂದ್ಸಲ ಮೇಲೆ ಬಂದು ನೋಡು," ಎಂದಿರಿ.

"ಅದನ್ನ ಯಂತ್ರ ಹೇಳ್ಲಿ ಅಪ್ಪಾ, ನೀವು ಮನೇಲಿರಿ," ಎಂದೆ. ಎಲ್ಲರೂ ನಕ್ಕರು. ನೀವು ಪುಸ್ತಕ ಮುಚ್ಚಿಕೊಂಡು ಹೊರಟುಹೋದಿರಿ.

ಇವತ್ತು ಇಳಿಯುವಾಗ ವೇಡ್ ಕೇಳಿದ: "ಹೀಗಾಗುತ್ತೆ ಅಂತ ಮೊದ್ಲೇ ಯಾರಾದ್ರೂ ಹೇಳಿದ್ರಾ?"

"ಇಲ್ಲ," ಎಂದುಬಿಟ್ಟೆ.