ಖಾಲಿ ಸ್ಲಾಟಿನ ಉತ್ತರ

ಮಧುಗಿರಿ
೧೯೮೫ರ ಮಾಗಿ, ಗುರುವಾರ ಸಂಜೆ

ಪಾವಗಡದ ಸಂಜೀವಯ್ಯನವರಿಗೆ ಓಬಳಮ್ಮನ ನಮಸ್ಕಾರ.

ಇಲ್ಲಿ ನಾನೂ ಚೆನ್ನಾಗಿದ್ದೇನೆ, ನಮ್ಮ ಕಂಪ್ಯೂಟರೂ ಚೆನ್ನಾಗಿದೆ. ನಿಮ್ಮ ತಂದೆಯವರ ಮುರಿದ ಕಾಲು ಕೂಡಿಕೊಂಡಿತೆಂದು ಕೇಳಿ ಸಂತೋಷವಾಯಿತು. ಮರ್ಯಾದೆ ಇಷ್ಟು ಸಾಕು. ಇನ್ನು ಜಗಳ.

ಅವರನ್ನು ನೋಡಿಕೊಳ್ಳಲು ಊರಿಗೆ ಹೋಗುವಾಗ ನೀವು ನನ್ನ ತಲೆಗೆ ಎರಡು ಹುಳ ಬಿಟ್ಟು ಹೋದಿರಿ. ಒಂದು ಸ್ಲಾಟಿನದು. ಕೊರಟಗೆರೆಯ ಶೆಡ್ಡಿನಲ್ಲಿ ನಾವು ಕಟ್ಟುತ್ತಿದ್ದ ಕಂಪ್ಯೂಟರಿಗೆ ಮುಂದೆ ಬೇಕಾಗುವ ಕಾರ್ಡುಗಳನ್ನು ಸಿಕ್ಕಿಸಲು ಆರು ಸ್ಲಾಟು. ಪ್ರಿಂಟರಿನ ಕಾರ್ಡಿಗೆ ಇದು, ಡಿಸ್ಕಿನ ಕಾರ್ಡಿಗೆ ಅದು ಎಂದು ಗೊತ್ತುಮಾಡಿಬಿಡೋಣ ಎಂದರು ಶೆಡ್ಡಿನ ಯಜಮಾನರಾದ ವೆಂಕಟರಾಮಯ್ಯ ಮೇಷ್ಟ್ರು. ನೀವು ಒಪ್ಪಲಿಲ್ಲ. "ನಾಳೆ ಎಂಥಾ ಕಾರ್ಡು ಬತ್ತದೋ ಯಾರಿಗ್ಗೊತ್ತು ಸಾ? ಯಾವ್ದು ಬಂದ್ರೂ ಎಲ್ಲಿ ಬೇಕಾದ್ರೂ ಕೂರಂಗಿರ್ಬೇಕು" ಎಂದಿರಿ. ಹಾಗಂದು ಊರಿಗೆ ಹೊರಟುಬಿಟ್ಟಿರಿ. ಮಾಡಿ ಸಾಯುವವಳು ನಾನು!

ಇನ್ನೊಂದನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟಿರಿ. ಎರಡು ವರ್ಷ ದಿನಾ ಬೆಳಿಗ್ಗೆ ಕೊರಟಗೆರೆ ಬಸ್ಸಿನ ಕಿಟಕಿಯಿಂದ ಟವೆಲ್ಲು ಹಾಕಿ ನನಗೆ ಸೀಟು ಹಿಡಿದವರು ನೀವು. ನಾನು ಕೂರುತ್ತಿದ್ದೆ, ಪಕ್ಕದಲ್ಲಿ ಹೂ ಮಾರುವ ಈರಕ್ಕ ಕೂರುತ್ತಿದ್ದಳು, ನೀವು ಊರ ಬಾಯಿಗೆ ಹೆದರಿ ಕಂಬಿ ಹಿಡಿದು ನಿಲ್ಲುತ್ತಿದ್ದಿರಿ. ಆವತ್ತು ಮಾತ್ರ ನೆಲ ನೋಡಿಕೊಂಡು, "ಓಬಳಮ್ಮೋರೆ, ಇನ್ಮೇಲೆ ಪಕ್ಕದಾಗೆ ನಾನೇ ಕೂತ್ಕಂಡ್ರೆ ಹೆಂಗೆ? ಜೀವಮಾನ ಪೂರ್ತಿ?" ಎಂದಿರಿ. ಕಂಪ್ಯೂಟರು ಓಡಲಿ, ಆಮೇಲೆ ಹೇಳುತ್ತೇನೆ ಎಂದುಬಿಟ್ಟೆ. ಭಯವಾಗಿತ್ತು ಕಣ್ರೀ. ಹೂಂ ಎಂದರೆ ಕೈಯಿಂದ ಸೋಲ್ಡರಿಂಗ್ ಐರನ್ ಕಿತ್ತುಕೊಂಡು ಸೌಟು ಕೊಡುತ್ತಾರೆಂಬ ಭಯ.

ಯಾವ ಕಾರ್ಡು ಎಲ್ಲಿ ಬೇಕಾದರೂ ಕೂರಬಹುದು ಎಂದಾದ ಮೇಲೆ ಶುರುವಾಯಿತು ನೋಡಿ ಗಲಾಟೆ. ಕಂಪ್ಯೂಟರು ಒಂದು ನಂಬರು ಕರೆದರೆ ಎರಡು ಕಾರ್ಡು ಒಟ್ಟಿಗೆ ಓಗೊಡುತ್ತಿದ್ದವು, ಒಂದೇ ಸೀಟಿಗೆ ಎರಡು ಟವೆಲ್ಲು ಬಿದ್ದ ಹಾಗೆ. ಕಂಪ್ಯೂಟರು ಅಲ್ಲೇ ಕಲ್ಲಾಗುತ್ತಿತ್ತು.

ಒಂದು ಬೆಳಿಗ್ಗೆ ಮಂಜು ಬೆಟ್ಟದ ಸೊಂಟದವರೆಗೆ ಇಳಿದಿತ್ತು. ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದೆ. ಕನಸಿನಲ್ಲಿ ಕಾರ್ಡುಗಳೆಲ್ಲ ಬಸ್ಸು ಹತ್ತಿದವು. ಪ್ರಿಂಟರಿನದು ಕಡಲೆಕಾಯಿ ಮೂಟೆ ಹೊತ್ತು ಬಂತು, ಡಿಸ್ಕಿನದು ಎಲೆಅಡಿಕೆ ಜಗಿಯುತ್ತ ಕಿಟಕಿ ಪಕ್ಕ ಕೂತಿತು. ಕಂಡಕ್ಟರ್ ಅಡವಯ್ಯ ಪ್ರತಿ ಸೀಟಿನ ಹತ್ತಿರ ನಿಂತು "ಯಾರು? ಎಲ್ಲಿಗೆ?" ಎಂದು ಕೇಳಿ, ಒಬ್ಬೊಬ್ಬರಿಗೂ ಬೇರೆ ಬೇರೆ ನಂಬರಿನ ಟಿಕೆಟ್ಟು ಹರಿದು ಕೊಟ್ಟ. ಟವೆಲ್ಲನ್ನು ಕೇಳುವವರೇ ಇರಲಿಲ್ಲ. ಬಸ್ಸು ಸದ್ದಿಲ್ಲದೆ ಮಂಜಿನೊಳಗೆ ತೇಲಿಕೊಂಡು ಹೋಗುತ್ತಿತ್ತು, ನೀವು ಕಂಬಿ ಹಿಡಿದು ನಿಂತೇ ಇದ್ದಿರಿ. "ಕೊರಟಗೆರೆ ಬಂತು ಏಳಮ್ಮ" ಎಂದು ಈರಕ್ಕ ತಿವಿದಾಗ ನಾನು ನಗುತ್ತಿದ್ದೆನಂತೆ.

ಈಗ ನಮ್ಮ ಕಂಪ್ಯೂಟರು ಹಾಗೇ ಮಾಡುತ್ತದೆ. ಹಚ್ಚಿದ ಕೂಡಲೆ ಒಂದೊಂದೇ ಸ್ಲಾಟಿಗೆ ಹೋಗಿ ಯಾರೆಂದು ಕೇಳಿ, ನಂಬರು ಕೊಟ್ಟು ಬರುತ್ತದೆ. ಆದರೆ ಖಾಲಿ ಸ್ಲಾಟಿನ ಮುಂದೆ ನಿಂತುಬಿಡುತ್ತಿತ್ತು. ಉತ್ತರಕ್ಕೆ ಕಾಯುವುದೇ ಕಾಯುವುದು. "ಎಷ್ಟು ಹೊತ್ ಕಾಯ್ಬೇಕು ಅಂತ ನೀನೇ ಹೇಳ್ಕೊಡ್ಬೇಕು ಕಣಮ್ಮ, ಪಾಪ ಅದಕ್ಕೇನ್ ಗೊತ್ತು" ಎಂದರು ಮೇಷ್ಟ್ರು. ಸ್ವಲ್ಪ ಕಾದು, ಉತ್ತರ ಬರದಿದ್ದರೆ ಯಾರೂ ಇಲ್ಲವೆಂದು ಮುಂದಕ್ಕೆ ಹೋಗು ಎಂದು ಇವತ್ತು ಪ್ರೋಗ್ರಾಮಿನಲ್ಲಿ ಬರೆದೆ. ಓಡಿತು ಸಂಜೀವಯ್ಯನವರೇ! ಕಡೆಯ ಸ್ಲಾಟು ಖಾಲಿ ಎಂದು ತೋರಿಸಿ ತನ್ನ ಪಾಡಿಗೆ ಮುಂದಿನ ಕೆಲಸಕ್ಕೆ ಹೋಯಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಬಸ್‌ಸ್ಟ್ಯಾಂಡು ನೆನಪಾಯಿತು. ನೀವು ಕೇಳಿ ಎರಡು ತಿಂಗಳಾಯಿತು, ನಾನಿನ್ನೂ ಉತ್ತರ ಕೊಟ್ಟಿಲ್ಲ.

ಸಂಜೆ ಬಸ್ಸಿನಲ್ಲಿ ಈರಕ್ಕ ಗಾಯದ ಮೇಲೆ ಬರೆ ಎಳೆದಳು. "ಸಂಜೀವಯ್ಯಂಗೆ ಸೋಮವಾರ ರಾಯಚರ್ಲಾಗೆ ಹೆಣ್ ನೋಡಾಕೆ ಹೋಯ್ತಾರಂತೆ ಕಣಮ್ಮ. ನೀನು ಬಾಯ್ಗೆ ಬೀಗ ಹಾಕ್ಕಂಡು ಕೂತ್ರೆ ಆ ಹುಡ್ಗ ಇನ್ನೆಷ್ಟು ದಿನ ಕಾದಾನು?"

ಮನೆಗೆ ಬಂದವಳು ಕೈಕಾಲು ತೊಳೆಯದೆ ಬರೆಯಲು ಕೂತಿದ್ದೇನೆ. ಅಂಚೆಯನ್ನು ನಂಬುವುದಿಲ್ಲ, ನಾಳೆ ತಂಗಿಯ ಮನೆಗೆಂದು ಪಾವಗಡಕ್ಕೆ ಬರುವ ಈರಕ್ಕನ ಕೈಯಲ್ಲೇ ಕೊಡುತ್ತೇನೆ. ನಿಮ್ಮನ್ನು ಕಂಡರೆ ನನಗೆ ಪ್ರೀತಿ, ಬಹಳ ದಿನದಿಂದ. ಆದರೆ ನಾನು ಬಂದರೆ ನನ್ನ ಕೆಲಸವೂ ಜೊತೆಗೆ ಬರುತ್ತದೆ. ಸೊಸೆಯಾದವಳು ಇಲ್ಲೇ ಕೂರಬೇಕೆಂದು ಗೊತ್ತುಮಾಡಿಟ್ಟ ಜಾಗದಲ್ಲಿ ನಾನು ಕೂರಲಾರೆ. ಎಲ್ಲಿ ಬೇಕಾದರೂ ಕೂರುವ ಹಾಗಿರಬೇಕು ಎಂದವರು ನೀವೇ ಅಲ್ಲವೇ? ಮನೆಯಲ್ಲೂ ಆ ಮಾತಿಗೆ ನಿಲ್ಲುತ್ತೀರಿ ಎಂದು ನಂಬಿದ್ದೇನೆ.

ಸೋಮವಾರ ರಾಯಚರ್ಲಿಗೆ ಹೋಗಬೇಡಿ, ಮಧುಗಿರಿಗೆ ಬನ್ನಿ. ಬೆಳಗಿನ ಬಸ್ಸಿಗೆ ಈ ಸಲ ಟವೆಲ್ಲು ಹಾಕುವವಳು ನಾನು, ಎರಡು ಸೀಟಿಗೆ. ಈರಕ್ಕನಿಗೆ ಹಿಂದೆ ಕೂರಲು ಹೇಳುತ್ತೇನೆ. ಕಂಬಿ ಹಿಡಿದು ನಿಂತೀರಿ, ಜೋಕೆ!

ತಂದೆತಾಯಿಯರಿಗೆ ನನ್ನ ನಮಸ್ಕಾರ. ಮಂಜಿನ ದಾರಿ, ಸುಖವಾಗಿ ಬನ್ನಿ.

ಕೇಳಿದಿರಲ್ಲ, ಇದ್ದೇನೆ,
ಓಬಳಮ್ಮ