ನೂಲು ವಾಲಿದ ದಿಕ್ಕು

ಕೋಡಿ, ಕುಂದಾಪುರ
14 ನವೆಂಬರ್ 2024, ಗುರುವಾರ

ಮುದ್ದಿನ ಮೊಮ್ಮಗಳು ಮೋಕ್ಷಿತಾಳಿಗೆ,

ಕೆಮ್ಮು ಕಡಿಮೆಯಾಯಿತೇ? ಕಾರವಾರದ ಹಾಸ್ಟೆಲಿನ ಊಟ ಸೇರುತ್ತದೆಯೇ? ತಿಂಗಳ ಕೊನೆಗೆ ನಿಮ್ಮನ್ನು ಕಡಲಿಗೇ ಇಳಿಸಿ ಪಾಠ ಮಾಡುತ್ತಾರಂತೆ, ಅಜ್ಜಿ ಹೇಳಿದಳು. ಅವಳಿಗೆ ಸೊಂಟನೋವು. ನನ್ನ ನಾಲಿಗೆ ಮಾತ್ರ ಗಟ್ಟಿ ಇದೆ. ಫೋನಿನಲ್ಲಿ ಹೇಳಿದರೆ ನಕ್ಕುಬಿಡುತ್ತಿ. ಕಾಗದದಲ್ಲಿ ನಾನು ಇದುವರೆಗೆ ಸುಳ್ಳು ಬರೆದವನಲ್ಲ.

ನೀನು ಬಿಟ್ಟುಹೋದ ಉಪ್ಪುನೀರಿನ ಟ್ಯಾಂಕಿನ ಸುದ್ದಿ ಇದು. ಹರಿವು ಜೋರಾದರೆ ಹವಳ ಮುದುಡುತ್ತದೆ, ಕಡಿಮೆಯಾದರೆ ಕಲ್ಲಿನ ಹಿಂದೆ ಕೊಳೆ ಕೂರುತ್ತದೆ ಎಂದು ನೀನು ಹೇಳಿ ಹೋಗಿದ್ದಿ. ನಲವತ್ತು ವರ್ಷ ಅಳಿವೆಯಲ್ಲಿ, ಹೊಳೆ ಕಡಲು ಸೇರುವ ಬಾಯಲ್ಲಿ, ಬಲೆ ಬಿಟ್ಟವನಿಗೆ ಹರಿವಿನ ಅರಿವಿಲ್ಲವೇ? ಕಡ್ಡಿಯ ತುದಿಗೆ ಬಲೆಯ ನೂಲು ಕಟ್ಟಿ ಟ್ಯಾಂಕಿನೊಳಗೆ ಇಳಿಬಿಟ್ಟೆ. ಎರಡೂ ಪಂಪುಗಳನ್ನು ಎದುರುಬದುರು ತಿರುಗಿಸಿ, ನೀರು ನಡುವೆ ಡಿಕ್ಕಿ ಹೊಡೆದು ಚದುರುವ ಹಾಗೆ ಮಾಡಿದೆ. ನೂಲು ಅತ್ತಿತ್ತ ಕುಣಿಯಿತು, ಹವಳ ಅರಳಿತು. ಹಿಂದೊಮ್ಮೆ ಅಜ್ಜಿಯ ಹಲ್ಲಿನ ಸೆಟ್ಟನ್ನು ಹವಳದ ಪಕ್ಕ ಇಟ್ಟು ನಿನ್ನನ್ನು ಹೆದರಿಸಿದವನ ಮಾತು ಎಂದು ಅನುಮಾನ ಬೇಡ.

ಮಂಗಳವಾರ ಹಗಲೆಲ್ಲ ಕರೆಂಟ್ ಇರಲಿಲ್ಲ. ಪಂಪು ನಿಂತಿದ್ದವು. ನೂಲು ನೆಟ್ಟಗೆ ಇಳಿದಿರಬೇಕಿತ್ತು. ಅದು ಪಡುವಕ್ಕೆ ವಾಲಿ ಬಿಗಿದು ನಿಂತಿತ್ತು, ಯಾರೋ ತುದಿ ಹಿಡಿದುಕೊಂಡ ಹಾಗೆ. ಹವಳ ಮುಷ್ಟಿ ಕಟ್ಟಿತ್ತು. ದಡಕ್ಕೆ ಹೋಗಿ ನೋಡಿದರೆ ಅಳಿವೆಯಲ್ಲಿ ಇಳಿತ, ನೀರು ಪಡುವಕ್ಕೆ ಓಡುತ್ತಿತ್ತು. ಸಂಜೆ ಭರತ ಏರಿ ಕಡಲ ನೀರು ಒಳಕ್ಕೆ ನುಗ್ಗತೊಡಗಿದ ಮೇಲೆ ಬಂದು ನೋಡಿದೆ, ನೂಲು ಮೂಡಕ್ಕೆ ತಿರುಗಿತ್ತು. ಅಜ್ಜಿ ಸೊಂಟ ಹಿಡಿದುಕೊಂಡು ಬಂದು, "ಹ್ವಾಯ್, ಇದೂ ನಿಮ್ದೇ ಮಂಗಾಟ ಅಲ್ದಾ?" ಎಂದಳು. ನಾನು ನಗಲಿಲ್ಲ. ಅದನ್ನು ಕಂಡೇ ಅವಳು ಹೆದರಿದ್ದು.

ಈಗ ನಿಜ ಹೇಳುತ್ತೇನೆ. ಟ್ಯಾಂಕಿನ ಕಲ್ಲನ್ನು ಬೈಂದೂರಿನ ಕಡಲ ಬದಿಯಲ್ಲಿ ಹೆಕ್ಕಿದೆ ಎಂದಿದ್ದೆನಲ್ಲ, ಅದು ಸುಳ್ಳು. ನನ್ನ ಅಣ್ಣ ಚೆನ್ನಯ್ಯನ ದೋಣಿ ಮಗುಚಿದ ಜಾಗದಲ್ಲಿ ಬಲೆಗೆ ಬಂದ ಕಲ್ಲು ಅದು. ಅವನ ದೇಹ ಸಿಗಲೇ ಇಲ್ಲ. ಅಲ್ಲಿ ಬಲೆಗೆ ಮೀನು ಬಿಟ್ಟು ಬೇರೆ ಏನು ಬಂದರೂ ದಡಕ್ಕೆ ತರದೆ, ಹಾಲೆರೆದು ಅಲ್ಲೇ ಬಿಡುವುದು ನಮ್ಮ ಮನೆಯ ಕ್ರಮ. ಟ್ಯಾಂಕಿಗೆ ಕಲ್ಲು ಬೇಕೆಂದು ನೀನು ಮುಖ ಊದಿಸಿಕೊಂಡಿದ್ದಿ, ನಾನು ಕ್ರಮ ಬಿಟ್ಟೆ. ಹಾಸ್ಟೆಲಿಗೆ ಹೋಗುವಾಗ ನೀನು ನೆನಪಿಗೆಂದು ಅದರ ಮೂಲೆಯ ಚೂರೊಂದನ್ನು ಒಡೆದುಕೊಂಡು ಹೋದಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ನಿನ್ನೆ ಹವಳವನ್ನು ಬೇರೆ ಕಲ್ಲಿಗೆ ಅಂಟಿಸಿ, ಅಜ್ಜಿಯನ್ನೂ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ಆ ಕಲ್ಲನ್ನು ಅದರ ಜಾಗಕ್ಕೆ ಬಿಟ್ಟು ಹಾಲೆರೆದೆ. "ತಪ್ಪಾಯ್ತ್ ಅಣ್ಣ" ಎಂದೆ. ಅವನು ಬದುಕಿದ್ದಾಗ ಒಮ್ಮೆಯೂ ಅನ್ನದ ಮಾತು.

ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮಿಬ್ಬರ ಆಶೀರ್ವಾದ ನಿನ್ನ ತಲೆಯ ಮೇಲಿರಲಿ.

ನಿನ್ನ ಅಜ್ಜ,
ಚಿಪ್ಪಿಲ್ಲದ ಮುತ್ತ

ಮತ್ತೆ: ಕಾಗದ ಮಡಚುವ ಮೊದಲು ಪಂಪು ಆರಿಸಿ ನೋಡಿದೆ. ನೂಲು ಪಡುವಕ್ಕೂ ಇಲ್ಲ, ಮೂಡಕ್ಕೂ ಇಲ್ಲ. ಬಡಗಕ್ಕೆ ವಾಲಿದೆ, ಕಾರವಾರದ ಕಡೆಗೆ. ನಿನ್ನ ಮೇಜಿನ ಮೇಲಿರುವ ಆ ಚೂರನ್ನು ತೆಗೆದುಕೊಂಡು, ಈ ಕಾಗದ ಸಿಕ್ಕಿದ ದಿನದ ರೈಲಿಗೇ ಬಾ. ಅಲ್ಲಿಯವರೆಗೆ ನೀರಿಗೆ ಇಳಿಯಬೇಡ ಮಗಾ.