ಮಗಳ ಮದುವೆಗೆ ಉಡುವ ಸೀರೆ

ರಿಫಾ, ಬಹರೈನ್

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀವು ಅರ್ಧದಲ್ಲೇ ಇಡುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಇಲ್ಲಿಯ ಹೆಂಗಸರಂತೆ ಬಟ್ಟೆಯ ಮೇಲೆ ಮೈಪೂರ್ತಿ ಮುಚ್ಚುವ ಕಪ್ಪು ಅಬಾಯ ಹಾಕಿದ ಫೋಟೋ ನೋಡಿ, “ಗಂಡ ಸತ್ತವಳು ಹೀಗೇ ಇರ್ಬೇಕು” ಅಂದಿರಂತೆ. ಮಗಳು ಯಶ್ಮಿತಾ ಹೇಳಿದಳು.

ನಾನು ಅಡುಗೆ ಮಾಡುವ ಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅದನ್ನು ಹಾಕಬೇಕು. ಮೊದಮೊದಲು ಸೆಕೆಗೆ ಜೀವ ಹೋಗುತ್ತಿತ್ತು, ಈಗ ಅಭ್ಯಾಸವಾಗಿದೆ. ಒಳಗೆ ಏನು ಹಾಕಿದ್ದೀ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಮಗ ತೀರಿಕೊಂಡ ಮೇಲೆ ನೀವು ಬಿಡಿಸಿದ ಬಣ್ಣ, ಬಳೆ ಎಲ್ಲ ಅದರೊಳಗೇ ಇವೆ.

ಯಶ್ಮಿತಾಳ ಮದುವೆಗೆ ಮೊದಲೇ ಬರುತ್ತೇನೆ. ನನ್ನ ಕೆಂಪು ಧಾರೆ ಸೀರೆ ನಿಮ್ಮ ಕಪಾಟಿನಲ್ಲಿದೆ, ತೆಗೆದು ಬಿಸಿಲಿಗೆ ಹಾಕಿಡಿ. ಮಗಳ ಪಕ್ಕ ನಿಲ್ಲುವಾಗ ನನ್ನ ಮೈಮೇಲೆ ಅಬಾಯ ಇರುವುದಿಲ್ಲ.

ನಿಮ್ಮ ಸೊಸೆ,
ವಾರಿಜ